ಪಕ್ಕದ ಸೀಟಿಗೆ ಎಷ್ಟು ವಾಟ್?

ನಮ್ಮ ಭಾವ ಕಾರು ಇಟ್ಟುಕೊಂಡಿರುವುದು ಎಲ್ಲಿಗಾದರೂ ಹೋಗಿಬರಲು ಎಂದು ತಿಳಿದಿದ್ದರೆ, ಕ್ಷಮಿಸಿ, ಮೋಸ ಹೋದಿರಿ! ಕಳೆದ ಎಂಟು ತಿಂಗಳಲ್ಲಿ ಆ ಕಾರು ತ್ಯಾಗರಾಜನಗರದ ಮನೆಯ ಗೇಟು ದಾಟಿದ್ದು ಕಾರು ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆಗೆ ಮಾತ್ರ. ಉಳಿದಂತೆ ಅದು ನಿಂತಲ್ಲೇ ನಿಂತಿರುತ್ತದೆ, ನಿಲ್ಲದವರು ಭಾವ. ಡ್ರೈವರ್ ಸೀಟಿನಲ್ಲಿ ಎರಡು ನಿಮಿಷ, ಪಕ್ಕದ ಸೀಟಿನಲ್ಲಿ ಮೂರು ನಿಮಿಷ, ಹಿಂದೆ ಒಂದು ನಿಮಿಷ. ಬಾಗಿಲು ಧಡ್, ಮತ್ತೆ ಧಡ್. ಬಸ್ಸಿನಲ್ಲಿ ಕರ್ಚೀಫು ಹಾಕಿಟ್ಟ ಸೀಟು ಕಳೆದುಕೊಂಡ ಪ್ರಯಾಣಿಕನೂ ಇಷ್ಟು ಚಡಪಡಿಸುವುದಿಲ್ಲ!

ಜೀವನವೆಲ್ಲ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮನುಷ್ಯನಿಗೆ ಏನಾಯಿತು? ಸ್ಪೀಕರ್ ಹುಚ್ಚು ಹಿಡಿಯಿತು. ಹಿಡಿಸಿದ್ದು ನಾನು. ಹೇಳಿಬಿಡುತ್ತೇನೆ, ಮನಸ್ಸಾದರೂ ಹಗುರಾಗಲಿ.

ನಾನು ತರಗುಪೇಟೆಯ ಬೇಳೆಕಾಳು ವ್ಯಾಪಾರಿ. ಮೂಟೆ ಹೊತ್ತೇ ಮೇಲೆ ಬಂದವನು. ಮೂಟೆಯ ಬಾಯಲ್ಲಿರುವ ಚೆಂದದ ಕಾಳಿಗೆ ಮರುಳಾಗುವವನಲ್ಲ. ಹೊಟ್ಟೆಗೆ ಕೊಳವೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಬಿದ್ದ ಮೇಲೇ ಬೆಲೆಯ ಮಾತು. ಇಂಥ ಘನಂದಾರಿ ನಾನು, ಡಬ್ಬದ ಮೇಲೆ ಕೆಂಪಗೆ 'ಸಾವಿರ ವಾಟ್' ಎಂದು ಬರೆದಿದ್ದ ಆಂಪ್ಲಿಫೈಯರನ್ನು ಅರ್ಧ ಬೆಲೆಗೆ ಚೌಕಾಸಿ ಮಾಡಿ ಭಾವನ ಕಾರಿಗೆ ಕೂರಿಸಿಬಿಟ್ಟೆ. ಸ್ಪೀಕರುಗಳು ಮಾತ್ರ ಭಾವನೇ ಆರಿಸಿದ ಒಳ್ಳೆಯ ಕಾಂಪೊನೆಂಟ್ ಜೋಡಿ: ದಪ್ಪ ದನಿಗೆ ಬಾಗಿಲಲ್ಲೊಂದು ತಟ್ಟೆ, ಸಣ್ಣ ದನಿಗೆ ಕನ್ನಡಿಯ ಪಕ್ಕ ನಿಂಬೆಹಣ್ಣಿನಷ್ಟು ಟ್ವೀಟರ್.

ಅದೇ ವಾರ ನಮ್ಮಕ್ಕ ಹನುಮಂತನಗರದ ಗುಡ್ಡದ ಮೇಲಿನ ಶನಿವಾರದ ಭಜನೆಯಲ್ಲಿ ಹಾಡಿದಳು. ಅವಳು ಅಲ್ಲಿ ಮೂವತ್ತು ವರ್ಷದಿಂದ ಹಾಡುತ್ತಿದ್ದಾಳೆ. ಭಾವ ಅದನ್ನು ಫೋನಿನಲ್ಲಿ ಹಿಡಿದು, ಬರುವಾಗ ಕಾರಿನಲ್ಲಿ ಹಾಕಿದರು. "ಸಾವಿರ ವಾಟ್ ಭಾವ, ಹೆದರ್ಬೇಡಿ!" ಎಂದು ಹಿಂದಿನ ಸೀಟಿನಿಂದ ಕೈ ಚಾಚಿ ವಾಲ್ಯೂಮನ್ನು ಕೊನೆಗೆ ತಿರುಗಿಸಿದವನು ಇನ್ನಾರು? ನಾನೇ! ಚರಣದಲ್ಲಿ ಅಕ್ಕನ ದನಿ ಮೇಲಕ್ಕೇರಿದ್ದೇ ತಡ, ಹಳೇ ತಗಡು ಹರಿದಂತೆ ಕರಕರ ಎಂದಿತು.

ಗಾಂಧಿಬಜಾರಿನ ಹತ್ತಿರ ಅಕ್ಕ, "ನಿಲ್ಸಿ ರೀ" ಎಂದು ಇಳಿದು, ಆಟೋ ಹಿಡಿದು ಮನೆಗೆ ಹೋದಳು. ಅಂದಿನಿಂದ ಕಾರೂ ಹತ್ತಲಿಲ್ಲ, ಗುಡ್ಡವನ್ನೂ ಹತ್ತಲಿಲ್ಲ. "ವಯಸ್ಸಾಯ್ತು ಕಣೋ. ಕಂಠ ಒಡೆದಿದೆ. ಎದುರಿಗೆ ಯಾರೂ ಹೇಳ್ತಿರ್ಲಿಲ್ಲ, ಮಿಷನ್ ಹೇಳ್ತು" ಎಂದಳು.

"ಒಡೆದಿದ್ದು ಮಿಷನ್ನು!" ಎಂದರು ಭಾವ. ಆವತ್ತು ಎದ್ದವರು ಆಮೇಲೆ ನೆಟ್ಟಗೆ ಕೂರಲಿಲ್ಲ. ನನ್ನನ್ನು ನಿಲ್ಲಿಸಿಕೊಂಡು ಪಾಠ ಶುರುಮಾಡಿದರು. "ಡಬ್ಬದ್ ಮೇಲಿರೋದು ಒಂದು ಕ್ಷಣ ಎಗರಿ ಬೀಳೋ ಶಕ್ತಿ ಕಣಯ್ಯ. ಬಿಡದೆ ಕೊಡೋದು ಇಪ್ಪತ್ತೇ ವಾಟು. ಸ್ಪೀಕರ್ ತಡೆಯೋದು ಅರವತ್ತು. ನಿಮ್ಮಕ್ಕ ಮೇಲಕ್ಕೆ ಹೋದ್ಲು, ಇದಕ್ಕೆ ಏರೋಕ್ಕಾಗ್ಲಿಲ್ಲ, ಕಿರುಚ್ತು."

ಅಂದರೆ ಮೂಟೆಯ ಮೇಲಿನ ಕಾಳು ನೋಡಿ ನಾನೇ ಮೋಸ ಹೋಗಿದ್ದೆ! ಕಾರಿಗೆ ಸ್ಪೀಕರ್ ಹಾಕಿಸುವವರಿಗೆ ನನ್ನ ಪುಕ್ಕಟೆ ಸಲಹೆ: ಸ್ಪೀಕರ್ ಬಿಡದೆ ತಡೆಯುವುದು ಅರವತ್ತಾದರೆ, ಬಿಡದೆ ಎಂಬತ್ತು ಕೊಡುವ ಆಂಪ್ಲಿಫೈಯರ್ ತಂದು ಮೆಲ್ಲಗೆ ಹಾಡಿಸಿ. ಇಪ್ಪತ್ತರದ್ದನ್ನು ತಂದು ಅರಚಿಸಬೇಡಿ.

ಇಯರ್‌ಫೋನಿನಲ್ಲಿ ಕೇಳಿಸಿದ್ದರೆ ಆಗುತ್ತಿರಲಿಲ್ಲವೇ? ನಾನೂ ಕೇಳಿದೆ. ಅಕ್ಕ ಅದನ್ನು ಕಿವಿಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಭಾವನೋ, "ಎಲ್ಲಿ ಕೆಟ್ಟಿತೋ ಅಲ್ಲೇ ಸರಿಯಾಗ್ಬೇಕು" ಎಂದು ಮತ್ತೆ ಕಾರಿಗೆ ಹೋಗಿ ಕೂತರು. ಎದ್ದರು. ಕೂತರು.

ಜೆ.ಸಿ. ರಸ್ತೆಗೆ ನನ್ನನ್ನು ಎಳೆದೊಯ್ದ ದಿನ ನಾನು ಬಾಯಿ ತೆರೆಯುವಂತಿರಲಿಲ್ಲ, ಚೌಕಾಸಿಗೆ ನಿಷೇಧ! ಅಂಗಡಿಯವನು ಉತ್ಸಾಹದಿಂದ, "ತಗೊಳಿ ಸಾರ್, ಇದನ್ನ ಹಾಕಿದ್ರೆ ಮುಂದಿನ ಸಿಗ್ನಲ್‌ವರ್ಗೂ ಕೇಳ್ಸುತ್ತೆ" ಎಂದ.

"ಮುಂದಿನ ಸಿಗ್ನಲ್ಲಲ್ಲಿ ನಮ್ಮೋರು ಯಾರೂ ಇಲ್ಲಪ್ಪ. ಪಕ್ಕದ ಸೀಟಿಗೆ ಕೇಳ್ಸಿದ್ರೆ ಸಾಕು" ಎಂದರು ಭಾವ.

ಹೀಗೆ ನಾಲ್ಕು ಆಂಪ್ಲಿಫೈಯರ್ ಬಂದವು, ಮೂರು ವಾಪಸು ಹೋದವು. ಪರೀಕ್ಷೆಗೆ ಅಕ್ಕನ ಹಾಡು ಹಾಕುವಂತಿಲ್ಲ, ಅವಳಿಗೆ ಕೇಳಿಸಿಬಿಟ್ಟರೆ? ಅದಕ್ಕೇ ಭಾವ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದನ್ನು ಫೋನಿಗಿಳಿಸಿಕೊಂಡು ಬಂದರು. ಸಾಸಿವೆಯ ಚಟಪಟ ಟ್ವೀಟರಿಗೆ, ಕುಕ್ಕರಿನ ಗುಡುಗುಡು ತಟ್ಟೆಗೆ! ಎದುರುಮನೆಯವರು ಗೇಟಿಗೇ ಬಂದು ಕೇಳಿದರು, "ಏನ್ ಮೇಷ್ಟ್ರೇ, ಕಾರಲ್ಲೇ ಸಂಸಾರ ಹೂಡಿದೀರಾ?"

"ಸಾಸಿವೆ ಸ್ವಲ್ಪ ಸೀದಿದೆ" ಎಂದು ಭಾವ ಗಂಭೀರವಾಗಿ ಆಂಪ್ಲಿಫೈಯರಿನ ಸ್ಕ್ರೂ ತಿರುಗಿಸಿದರು.

ಕೊನೆಗೆ ಮೊನ್ನೆ ಭಾವನ ಫೋನು ಬಂತು. "ಸಾಸಿವೆ ಸರಿಹೋಯ್ತು. ನಿಮ್ಮಕ್ಕನ್ನ ಒಪ್ಪಿಸು." ವ್ಯಾಪಾರಕ್ಕಿಳಿದ ಮೇಲೆ ನಾನು ಇಂಥ ಕಠಿಣ ಗಿರಾಕಿಯನ್ನು ಕಂಡಿಲ್ಲ.

"ಹತ್ತು ನಿಮಿಷ ಕೂತ್ಕೊ ಅಕ್ಕ."

"ಆಗಲ್ಲ."

"ಐದು?"

"ಲೋ, ನಿನ್ನ ಬೇಳೆ ವ್ಯಾಪಾರ ಇಲ್ಲಿ ಬೇಡ."

"ಪೂರ್ತಿ ಹಾಡು ಬೇಡ. ಪಲ್ಲವಿ ಒಂದೇ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಪಲ್ಲವಿ ಅಷ್ಟೇ. ಆಮೇಲೆ ಆ ಡಬ್ಬ ಬಾಯಿ ಮುಚ್ಚಬೇಕು."

ವ್ಯವಹಾರ ಕುದುರಿತು. ಆದರೆ ದನಿ ಹರಿದದ್ದು ಚರಣದಲ್ಲಲ್ಲವೇ? ಪಲ್ಲವಿ ಕೇಳಿ ಏನು ಸಾಬೀತಾದೀತು! ನಾನು ಹಿಂದಿನ ಸೀಟಿಗೆ ನುಸುಳಿದೆ. ಎಂಟು ತಿಂಗಳ ಮೇಲೆ ಅಕ್ಕ ಪಕ್ಕದ ಸೀಟಿನಲ್ಲಿ ಕೂತಳು. ಪಲ್ಲವಿ ಶುರುವಾಯಿತು, ಮುಗಿಯಿತು. ಭಾವ ಪ್ರಾಮಾಣಿಕ ಮೇಷ್ಟ್ರು, ಮಾತು ಕೊಟ್ಟ ಹಾಗೆ ನಿಲ್ಲಿಸಲು ಕೈ ಚಾಚಿದರು.

ಅಕ್ಕ ಆ ಕೈ ಹಿಡಿದುಕೊಂಡಳು. "ಇರ್ಲಿ ಬಿಡಿ."

ಚರಣ ಬಂತು. ದನಿ ಏರಿತು, ಮೇಲೆ ನಿಂತಿತು, ತಾನಾಗಿ ಇಳಿಯಿತು. ಒಂದು ಎಳೆಯೂ ಹರಿಯಲಿಲ್ಲ. ತೊಡೆಯ ಮೇಲೆ ಅಕ್ಕನ ಬೆರಳು ತಾಳ ಎಣಿಸುತ್ತಿತ್ತು; ಎರಡನೆಯ ಚರಣಕ್ಕೆ ತುಟಿ ಅಲುಗಿ, ಅವಳೂ ಮೆಲ್ಲಗೆ ಹಾಡತೊಡಗಿದಳು.

ಆಗ ನಮ್ಮ ಭಾವ ಏನು ಮಾಡಿದರು ಗೊತ್ತೇ? ನಾಲ್ಕು ಆಂಪ್ಲಿಫೈಯರ್ ಅಳೆದು ಸುರಿದ ಆ ಪುಣ್ಯಾತ್ಮ, ವಾಲ್ಯೂಮನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಇಳಿಸುತ್ತ ಸೊನ್ನೆಗೆ ತಂದುಬಿಟ್ಟರು. ಕಾರಿನೊಳಗೆ ಅಕ್ಕನ ದನಿಯೊಂದೇ ಉಳಿಯಿತು. ಅಲ್ಲಲ್ಲಿ ಸ್ವಲ್ಪ ನಡುಗಿತು, ಆದರೆ ಒಡೆಯಲಿಲ್ಲ. ಭಾವ ಸೀಟು ಬದಲಿಸಲಿಲ್ಲ, ಬಾಗಿಲು ಬಡಿಯಲಿಲ್ಲ. ಕೂತಲ್ಲೇ ಕೂತಿದ್ದರು.

ಹಾಡು ಮುಗಿಸಿ ಅಕ್ಕ ಹಿಂದಕ್ಕೆ ತಿರುಗಿದಳು.

"ಲೋ, ಇವತ್ತು ಶನಿವಾರ ಅಲ್ವೇನೋ? ಇಳಿ, ಹೋಗಿ ಗೇಟ್ ತೆಗಿ."