ನಿಲ್ಲಿಸಲು ಒಪ್ಪಿಗೆ ಇದೆಯೇ?

ಪಿಟೀಲಯ್ಯನವರು ಪಿಟೀಲಿನ ಮೇಲೆ ಕಮಾನು ಎಳೆದರೆ ಮೂರು ಬೀದಿಯಾಚೆ ಒಲೆಯ ಮೇಲೆ ಕುದಿಯುವ ನೀರು ತಣ್ಣಗಾಗುತ್ತದೆ. ಕಾಗೆಗಳು ಗೂಡಿಗೆ ‘ಬಾಡಿಗೆಗೆ ಇದೆ’ ಎಂದು ಬೋರ್ಡು ತಗುಲಿಸಿ ಊರು ಬಿಡುತ್ತವೆ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಆ ಅಡ್ಡಹೆಸರು ಆಫೀಸಿನವರು ಇಟ್ಟದ್ದು. ಹೊಟ್ಟೆಪಾಡಿನ ಕೆಲಸ ಬೇರೆಯೇ. ಅವರೂ ಸೇರಿ ಐದಾರು ಜನ ಬ್ಲಾಕ್‌ಚೈನು ಎಂಬ ಲೆಕ್ಕದ ಸರಪಳಿ ಕಟ್ಟಿದ್ದರು. ಅಂದರೆ, ಒಂದೇ ಲೆಕ್ಕದ ನಕಲು ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ. ಒಬ್ಬ ಕಳ್ಳತನದಿಂದ ಒಂದು ಸೊನ್ನೆ ಸೇರಿಸಿದರೂ ಉಳಿದ ಕಂಪ್ಯೂಟರುಗಳು ಬೀದಿನಾಯಿಗಳಂತೆ ಒಟ್ಟಿಗೆ ಬೊಗಳುತ್ತವೆ. ಮುಚ್ಚುಮರೆಯಿಲ್ಲದ ಕೆಲಸ, ಯಾರು ಬೇಕಾದರೂ ಒಳಗೆ ಇಣುಕಬಹುದು, ತಿದ್ದಬಹುದು, ತಮ್ಮದೊಂದು ಕಂಪ್ಯೂಟರು ಸೇರಿಸಬಹುದು. ಈಗ ಅದಕ್ಕಿಂತ ಚೆನ್ನಾದದ್ದು ಬಂದು, ಬಳಸುವವರೆಲ್ಲ ಅತ್ತ ಹೋಗಿದ್ದರು. ಅಳುವುದೇಕೆ, ನಗುನಗುತ್ತಲೇ ಮುಚ್ಚೋಣ ಎಂದು ತಂಡ ತೀರ್ಮಾನಿಸಿತ್ತು. ಅಂದು ಕೊನೆಯ ದಿನ.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಪಿಟೀಲಯ್ಯನವರು. ನಾಳೆಯಿಂದ ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ನಾಲ್ಕು ಗಂಟೆ ಪಿಟೀಲಿನ ಅಭ್ಯಾಸ! ಆ ಉತ್ಸಾಹದಲ್ಲಿ ತಾವೇ ಮುಂದೆ ನಿಂತು, ಎಲ್ಲರ ಕಂಪ್ಯೂಟರನ್ನೂ ಒಂದೊಂದಾಗಿ ಸರಪಳಿಯಿಂದ ಬಿಡಿಸಿದರು. ಒಂದೊಂದಕ್ಕೂ ಚಪ್ಪಾಳೆ.

ಚಪ್ಪಾಳೆ ತಟ್ಟದವನು ಒಬ್ಬನೇ. ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುವುದೇ ಅವನ ಉದ್ಯೋಗವಾದ್ದರಿಂದ ಅವನನ್ನು ಕೊಕ್ಕೆ ಎಂದೇ ಕರೆಯುತ್ತಿದ್ದರು.

“ಅಲ್ಲ ಸ್ವಾಮಿ, ಮುಚ್ಚೋಕೆ ಮತ ಹಾಕಿಸಿದ್ರಾ?” ಎಂದ ಕೊಕ್ಕೆ.

ತಂಡದ ಮುಖ್ಯಸ್ಥೆಯ ಕೈ ಗಾಳಿಯಲ್ಲೇ ನಿಂತಿತು. “ಯಾವ ಮತ?”

“ಸರಪಳೀಲಿರೋ ಕಂಪ್ಯೂಟರುಗಳು ಮತ ಹಾಕಿ ಒಪ್ಪಿದ್ರೇನೇ ಮುಚ್ಚಬಹುದು. ಬಿಟ್ಟುಹೋದ ಕಂಪ್ಯೂಟರಿಗೆ ಮತ ಇಲ್ಲ. ಒಪ್ಪಿಗೆ ಸಿಗದಿದ್ರೆ ಇನ್ನೊಂದು ವರ್ಷ ನಾವೇ ನೋಡ್ಕೋಬೇಕು.”

“ಯಾರ್ರೀ ಬರೆದಿದ್ದು ಈ ನಿಯಮ?”

ಪಿಟೀಲಯ್ಯನವರು ಫ್ಯಾನನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. “ಮೋಸ ಆಗ್ಬಾರ್ದು ಅಂತ… ನಾನೇ.”

“ಭೇಷ್! ಏಣಿ ಮೇಲೆ ನಿಂತು ಏಣೀನೇ ಕಡಿದ್ರಿ,” ಎಂದರು ಮುಖ್ಯಸ್ಥೆ.

“ತಡೀರಿ,” ಎಂದ ಕೊಕ್ಕೆ, ಪರದೆಗೆ ಮೂಗು ತಾಗಿಸಿ. “ಒಂದು ಇನ್ನೂ ಉಸಿರಾಡ್ತಾ ಇದೆ.”

ಅದು ಪಿಟೀಲಯ್ಯನವರ ಅತ್ತೆಯ ಕೋಣೆಯಲ್ಲಿತ್ತು! ಹಿಂದೊಮ್ಮೆ ಕಂಪ್ಯೂಟರು ಸಾಲದಾದಾಗ ಅತ್ತೆಯ ಹೆಸರಿನಲ್ಲೇ ಸೇರಿಸಿ, ಅವರ ಮಂಚದ ಪಕ್ಕ ಇಟ್ಟು ಮರೆತಿದ್ದರು.

“ನಿಮ್ಮತ್ತೆ ಒಪ್ತಾರೇನ್ರೀ?”

“ನಮ್ಮತ್ತೆ ಹಸುವಿನಂಥೋರು ಮೇಡಂ! ಹೂಂ ಅಂದ್ರೆ ಹೂಂ.”

ಮಾತು ಸುಳ್ಳಲ್ಲ. ಆ ಮಹಾತಾಯಿಯಂಥ ರೂಪವಂತೆ, ಬುದ್ಧಿವಂತೆ, ಸಾಧ್ವಿ ಏಳು ಸಮುದ್ರದಾಚೆ ಹುಡುಕಿದರೂ ಸಿಗಲಾರರು.

ಮೂವರೂ ಒಂದೇ ಕಾರಿನಲ್ಲಿ ಮನೆಗೆ ದೌಡಾಯಿಸಿದರು. ಕಾರು ನಿಂತ ಸದ್ದಿಗೆ ಮೇಲಿನ ಮನೆಯ ದರ್ಜಿ ಅಳತೆಯ ಟೇಪು ಕೊರಳಲ್ಲೇ ಇದ್ದಂತೆ ಇಳಿದು ಬಂದು ಬಾಗಿಲಲ್ಲಿ ನಿಂತ. ಪಿಟೀಲಯ್ಯನವರ ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

“ಅತ್ತೆ, ಒಂದೇ ಒಂದು ಗುಂಡಿ ಒತ್ತಿಬಿಡಿ.”

“ಒತ್ತಿದ್ರೆ ಏನಾಗುತ್ತೆ ಅಳಿಯಂದ್ರೇ?”

“ಕೆಲಸಕ್ಕೆ ಮುಕ್ತಾಯ! ನಾಳೆಯಿಂದ ಮನೇಲೇ, ಪಿಟೀಲು ಬಾರಿಸ್ಕೊಂಡು ಇರ್ತೀನಿ.”

“ದಿನಕ್ಕೆ ಎಷ್ಟೊತ್ತು ಸಾರ್?” ದರ್ಜಿ ಕೊರಳ ಟೇಪು ಹಿಡಿದು ಕೇಳಿದ.

“ಎಂಟೇ ಗಂಟೆ.”

ದರ್ಜಿ ಸೂಜಿ ನುಂಗಿದವನ ಮುಖ ಮಾಡಿದ.

ಅತ್ತೆ ಕನ್ನಡಕ ಏರಿಸಿದರು. “ಎಲ್ರೂ ಆ ಕಡೆ ತಿರುಗಿ. ಗುಟ್ಟಿನ ಮತ ಇದು,” ಎಂದು ತಮ್ಮ ಗುಪ್ತಪದ ಒತ್ತಿದರು. ಪರದೆಯ ಮೇಲೆ ‘ನಿಲ್ಲಿಸಲು ಒಪ್ಪಿಗೆ ಇದೆಯೇ?’ ಎಂದು ಬಂತು. ಒತ್ತಿದರು.

ಕೊಕ್ಕೆ ಫಲಿತಾಂಶ ಓದಿದ: “ಬಿದ್ದ ಮತ ಒಂದು. ‘ಇಲ್ಲ’ ಅಂದೋರು ನೂರಕ್ಕೆ ನೂರು.”

“ಅತ್ತೇ!”

“ಏನ್ಮಾಡ್ಲಿ ಅಳಿಯಂದ್ರೇ, ಮಂಡಿನೋವು. ಈ ಕಂಪ್ಯೂಟರು ಪೆಟ್ಟಿಗೆ ಬಿಸಿಗೆ ಕಾಲು ಚಾಚ್ಕೊಂಡ್ರೆ ಎಂಥ ಹಿತ! ನಿಲ್ಲಿಸಿದ್ರೆ ಹಾಸಿಗೆ ಹಿಡೀತೀನಿ ಅಷ್ಟೆ.”

ಹಿರಿಯರ ಮಂಡಿಯೊಡನೆ ವಾದಿಸಿ ಗೆದ್ದವರುಂಟೇ? ಮುಖ್ಯಸ್ಥೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. “ನಡೀರಿ, ಇನ್ನೊಂದು ವರ್ಷ! ಒಟ್ಟಿಗೆ ಇರ್ತೀವಲ್ಲ, ಅದೂ ಚೆನ್ನಾಗೇ ಇದೆ.” ಪಿಟೀಲಯ್ಯನವರು ಪಿಟೀಲಿನ ಪೆಟ್ಟಿಗೆಯನ್ನು ಬೀರುವಿನ ಮೇಲಕ್ಕೆ ಏರಿಸಿ, ನಿಟ್ಟುಸಿರಿಟ್ಟು, ಕಂಪ್ಯೂಟರಿನ ಮುಂದೆ ಕೂತರು. ಸರಪಳಿಯ ಯಾವುದೋ ಹಳೆಯ ತಪ್ಪು ಸರಿಹೋಯಿತು; ಸ್ವಲ್ಪ ಹೊತ್ತಿಗೆ ಅವರ ಸಿಳ್ಳೆಯೂ ಕೇಳಿಸಿತು.

ಇಷ್ಟು ಬರೆದು ಚಹಾಕ್ಕೆಂದು ಎದ್ದು ಮೇಲಿನ ಮನೆಗೆ ಹೋಗಿ ಬರುವಷ್ಟರಲ್ಲಿ ಪಿಟೀಲಯ್ಯನವರೇ ಹಾಳೆ ಹಿಡಿದು ನಿಂತಿದ್ದರು.

“ಅತ್ತೆ, ನಿಮ್ಮನ್ನ ನೀವೇ ಮಹಾತಾಯಿ ಅಂತ ಬರ್ಕೊಂಡಿದ್ದೀರಲ್ಲ, ಇರ್ಲಿ. ಮಂಡಿನೋವಿನೋರು ಈಗ ತಾನೇ ದರ್ಜಿ ಮನೆಯಿಂದ ಎರಡೆರಡು ಮೆಟ್ಟಿಲು ಹಾರ್ಕೊಂಡು ಇಳಿದ್ರಲ್ಲ?”

ಸಿಕ್ಕಿಬಿದ್ದೆ. ಆಯ್ತಪ್ಪ, ನಿಜ ಹೇಳುತ್ತೇನೆ. ಮಂಡಿ ಕಲ್ಲುಗುಂಡಿನಂತಿದೆ. ಆ ಪೆಟ್ಟಿಗೆ ಬಿಸಿಯೂ ಆಗುವುದಿಲ್ಲ. ನಿಮ್ಮ ಪಿಟೀಲಿನ ಅಭ್ಯಾಸವನ್ನು ತಪ್ಪಿಸುವುದು ಹೇಗೆಂದು ಇಡೀ ಕಟ್ಟಡದವರು ಅಂದು ಬೆಳಿಗ್ಗೆ ದರ್ಜಿಯ ಮನೆಯಲ್ಲಿ ಸಭೆ ಸೇರಿದ್ದೆವು. ಯಾರಿಗೂ ಉಪಾಯ ಹೊಳೆದಿರಲಿಲ್ಲ. ಅಷ್ಟರಲ್ಲಿ ನೀವೇ ಬಂದು ಗುಂಡಿ ಒತ್ತಿ ಎಂದಿರಿ. ಒತ್ತಿದವಳು ನಾನೇ, ಒಪ್ಪಿದೆ. ಆದರೆ ಸಭೆ ಕರೆದವಳು ನಾನಲ್ಲ ಅಳಿಯಂದ್ರೇ, ನಿಮ್ಮ ಹೆಂಡತಿ.