ಮಾಹಿತಿ ಹುಡುಕಲು ಹೋಗಿ ಅಳುವ ಕೆಲಸಕ್ಕೆ ಸೇರಿದ್ದು

ಮಾಹಿತಿ ಹುಡುಕುವುದೂ ಒಂದು ಕಷ್ಟವೇ? ವಿಮಾ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು ನಾನು. ಇಲಿ ಅರ್ಧ ತಿಂದ ಫೈಲನ್ನೂ ಉಳಿದರ್ಧದ ಗುರುತಿನಿಂದ ಪತ್ತೆ ಹಚ್ಚಿದ ಖ್ಯಾತಿ ನನ್ನದು!

ಹಾಗಾಗಿ ತಂಗಿಯ ಮಗಳು ನಿತ್ಯಾ ಕೀಲ್ಪಾಕಿನ ನಮ್ಮ ಮನೆಗೆ ಬಂದು, "ದೊಡ್ಡಮ್ಮಾ, ಅಸಂಘಟಿತ ಕಾರ್ಮಿಕರ ಬಗ್ಗೆ ನನ್ ಪ್ರಾಜೆಕ್ಟು. ಸಿನಿಮಾದಲ್ಲಿ ಗುಂಪಲ್ಲಿ ನಿಲ್ತಾರಲ್ಲ, ಆ ದಿನಗೂಲಿಯವರ ಮೇಲೆ. ಒಂದು ಸೋರ್ಸೂ ಸಿಗ್ತಿಲ್ಲ. ಸೋಮವಾರದೊಳಗೆ ಒಬ್ಬರ ಇಂಟರ್ವ್ಯೂನಾದ್ರೂ ಕೊಡದಿದ್ರೆ ಗೈಡ್ ಸೈನ್ ಹಾಕಲ್ವಂತೆ," ಎಂದು ಮುಖ ಸಣ್ಣದು ಮಾಡಿಕೊಂಡಾಗ ನಾನು ಅಭಯಹಸ್ತ ಎತ್ತಿದೆ.

"ನೀನು ಪರೀಕ್ಷೆಗೆ ಓದಿಕೋ. ಮಾಹಿತಿ ನನಗೆ ಬಿಡು."

"ಅವಳ ಪ್ರಾಜೆಕ್ಟು ಅವಳೇ ಮಾಡ್ಲಿ ಬಿಡೇ," ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ. ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲು ಗ್ರಂಥಾಲಯಕ್ಕೆ ಹೋದೆ. ದಿಂಬಿನಷ್ಟು ದಪ್ಪದ ವರದಿಯೊಂದು ಸಿಕ್ಕಿತು. ಅದರಲ್ಲಿ ಬೀಡಿ ಕಟ್ಟುವವರಿದ್ದರು, ಇಟ್ಟಿಗೆ ಹೊರುವವರಿದ್ದರು. ಸಿನಿಮಾ ಗುಂಪಿನವರು ಕೊನೆಯ ಪುಟದಲ್ಲಿ 'ಇತರೆ' ಎಂಬ ಒಂದೇ ಪದದಲ್ಲಿ ಮುಗಿದುಹೋಗಿದ್ದರು! ಇದೇನು ಅನ್ಯಾಯ ಎಂದು ಒಂದು ಸರ್ಕಾರಿ ಕಚೇರಿಗೆ ಧಾವಿಸಿದೆ. ಅಲ್ಲಿನ ಗುಮಾಸ್ತರು ಚಹಾ ಲೋಟ ಕೆಳಗಿಡದೆಯೇ ಹೇಳಿದರು: "ಅಮ್ಮಾ, ಸಂಘಟನೆಯೇ ಇಲ್ಲದವರು ಅಂತ ನೀವೇ ಹೇಳ್ತೀರಿ. ಅವರ ಮಾಹಿತಿ ಮಾತ್ರ ಇಲ್ಲಿ ಸಂಘಟಿತವಾಗಿ ಕೂತಿರುತ್ತಾ?"

ಉತ್ತರದಲ್ಲಿ ನ್ಯಾಯವಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಸರಿ, ಜನರನ್ನೇ ಕೇಳಿಬಿಡೋಣವೆಂದು ಶನಿವಾರ ಬೆಳಗಾಗುತ್ತಲೇ ನೋಟ್‌ಬುಕ್ಕು ಹಿಡಿದು, ತಮಿಳು ಸಿನಿಮಾ ಸ್ಟುಡಿಯೋಗಳಿರುವ ವಡಪಳನಿಗೆ ಹೋದೆ. ಒಂದು ಬೀದಿಯ ತಿರುವಿನಲ್ಲಿ ಹೆಂಗಸರು ಸಾಲಾಗಿ ವ್ಯಾನು ಹತ್ತುತ್ತಿದ್ದರು. ಏಜೆಂಟನೊಬ್ಬ ತಲೆ ಎಣಿಸುತ್ತಿದ್ದ. "ಅಳೋಕೆ ಒಬ್ಬಳು ಕಮ್ಮಿ!" ಎಂದು ಕಿರುಚಿ, ಸುತ್ತ ನೋಡಿ, ನನ್ನತ್ತ ಬೆರಳು ತೋರಿದ. "ಪಾಟೀ, ಏರು!"

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ನನಗಿನ್ನೂ ಬರೀ ಅರವತ್ತೊಂದು! ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ, ವ್ಯಾನಿನ ತುಂಬ ಮಾಹಿತಿಯೇ ಕೂತಿದೆಯಲ್ಲ ಎಂಬ ದುರ್ಬುದ್ಧಿ ಹೊಳೆಯಿತು. ಹತ್ತಿದವಳು ನಾನೇ. ಯಾರೂ ನೂಕಲಿಲ್ಲ.

ಮಾಹಿತಿಯೆಲ್ಲ ದಾರಿಯುದ್ದಕ್ಕೂ ನಿದ್ದೆ ಮಾಡಿತು.

ಇಳಿದರೆ, ಅದೊಂದು ಸಾವಿನ ಮನೆಯ ದೃಶ್ಯ. ಅಂಗಳದಲ್ಲಿ ಹೂವಿನ ಹಾರ ಹಾಕಿಕೊಂಡ ಹೆಣ, ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾ ಮಲಗಿತ್ತು. ನನಗೊಂದು ಬಿಳಿ ಸೀರೆ ಕೊಟ್ಟರು. ಅದರಲ್ಲಿ ನನಗಿಂತ ಮುಂಚೆ ಅತ್ತವರೆಲ್ಲರ ಬೆವರಿನ ವಾಸನೆ! ಬಿಸಿಲಲ್ಲಿ ಎರಡು ಗಂಟೆ ಕೂರಿಸಿದರು. ನಾನು ರೋಷದಿಂದ ನೋಟ್‌ಬುಕ್ಕಿನಲ್ಲಿ ಬರೆದೆ, ಬರೆದೆ, ಬರೆದೇ ಬರೆದೆ. ಪಕ್ಕದಲ್ಲಿ ಕೂತ ಮಲರ್ ಎಂಬಾಕೆಯನ್ನು ಬಚ್ಚಲು ಎಲ್ಲಿ ಎಂದು ಕೇಳಿದೆ.

"ಅದೆಲ್ಲ ಮನೇಲೇ ಮುಗಿಸಿ ಬರಬೇಕಮ್ಮಾ," ಎಂದಳು ತಮಿಳಿನಲ್ಲಿ, ತಣ್ಣಗೆ. "ನೀರು ಜಾಸ್ತಿ ಕುಡೀಬೇಡಿ."

ಇಡೀ ದಿನ ಹೆಂಗಸರನ್ನು ಕೂರಿಸಿ, ನೀರು ಕುಡಿಯದಂತೆ ಮಾಡುವುದೇ? ನನ್ನ ರಕ್ತ ಕುದಿಯಿತು. ಅಷ್ಟರಲ್ಲಿ "ಆಕ್ಷನ್!" ಎಂದರು. ಹತ್ತು ಹೆಂಗಸರು ಒಮ್ಮೆಲೇ ಎದೆ ಬಡಿದುಕೊಂಡು ಗೋಳಾಡತೊಡಗಿದರು. ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದೆಂದು ನಾನು ಮಲರ್ ಕಿವಿಗೆ ಬಾಗಿ ಕೇಳಿದೆ, "ನಿಮಗೆ ಪಿ.ಎಫ್. ಇದೆಯಾ?"

ಮಲರ್ ರಾಗ ತಪ್ಪಿಸಲಿಲ್ಲ. "ಇಲ್ಲವಲ್ಲೋ! ಇಲ್ಲವಲ್ಲೋ!" ಎಂದು ಹಣೆ ಚಚ್ಚಿಕೊಂಡಳು.

"ವಿಮೆ?"

"ಅದೂ ಇಲ್ಲವಲ್ಲೋ, ನನ್ನಪ್ಪಾ!"

ಹೆಣ ಕಿಸಕ್ಕೆಂದಿತು. ನಾನೂ ತಡೆಯಲಾರದೆ ನಕ್ಕುಬಿಟ್ಟೆ.

"ಕಟ್!"

ಏಜೆಂಟ್ ಓಡಿ ಬಂದ. ಬಂದವನು ನನ್ನನ್ನು ಬಿಟ್ಟು ಮಲರ್ ಮೇಲೆ ಹಾರಿಬಿದ್ದ. "ಹೆಣವನ್ನ ನಗಿಸ್ತೀಯಾ? ನಾಳೆಯಿಂದ ನೀನು ಬರಬೇಡ!"

ನಾನು ಎದ್ದು ನಿಂತೆ. "ಯಾವ ಕಾನೂನಿನ ಪ್ರಕಾರ ತೆಗೀತೀರಿ? ನೋಟಿಸ್ ಎಲ್ಲಿ? ವಿಚಾರಣೆ ಎಲ್ಲಿ? ಒಂದು ಬಚ್ಚಲೂ ಇಲ್ಲದ ಜಾಗದಲ್ಲಿ..."

ಮಲರ್ ನನ್ನ ಸೆರಗು ಜಗ್ಗಿದಳು. "ಅಮ್ಮಾ, ನೀವು ಮನೆಗೆ ಹೋಗ್ತೀರಿ. ನಾನು ನಾಳೆ ಇವರ ಮುಂದೇನೇ ಬಂದು ನಿಲ್ಲಬೇಕು. ದಮ್ಮಯ್ಯ, ಸುಮ್ಮನಿರಿ."

ಮೂವತ್ತೊಂದು ವರ್ಷದಲ್ಲಿ ಯಾವ ಮ್ಯಾನೇಜರೂ ಮುಚ್ಚಿಸಲಾರದ ಬಾಯಿ ತಾನಾಗಿ ಮುಚ್ಚಿತು. ಏಜೆಂಟನತ್ತ ತಿರುಗಿ ಹೇಳಿದೆ, "ಮಾತಾಡಿದ್ದು ನಾನಪ್ಪ. ಆಕೆ ಅಳ್ತಾ ಇದ್ದಳು. ಬೇಕಾದರೆ ಹೆಣವನ್ನೇ ಕೇಳು."

ಹೆಣ ಮೊಣಕೈ ಊರಿ ಎದ್ದು ಸಾಕ್ಷಿ ನುಡಿಯಿತು: "ಹೌದು ಸಾರ್. ಪಾಟಿದೇ ತಪ್ಪು."

ಮಲರ್ ಉಳಿದಳು. ನನ್ನನ್ನು ವಜಾ ಮಾಡಿದರು. ನೋಟಿಸಿಲ್ಲ, ವಿಚಾರಣೆಯಿಲ್ಲ, ಊಟವೂ ಇಲ್ಲ! ಆ ಬಿಳಿ ಸೀರೆ ಬಿಚ್ಚಿಸಿಕೊಂಡು, ನನ್ನ ಸೀರೆಯಲ್ಲಿ ಗೇಟಿನಾಚೆ ಕಳಿಸಿದರು. ಆಟೋ ಸಿಗುವವರೆಗೆ ಬೆಂದ ರಸ್ತೆಯಲ್ಲಿ ನಡೆದೆ.

ಮನೆಗೆ ಬಂದು ಇಡೀ ಕಥೆಯನ್ನು ನಿಂತೇ ಹೇಳಿದೆ. ನಿತ್ಯಾ ಕಣ್ಣರಳಿಸಿ ಲ್ಯಾಪ್‌ಟಾಪ್ ತೆಗೆದಳು.

"ಸೂಪರ್ ದೊಡ್ಡಮ್ಮಾ! ಮಲರ್ ಅವರಿಗೆ ಊರು ಯಾವುದು?"

"ಕೇಳಲಿಲ್ಲ."

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದಾರೆ?"

"ಕೇಳೋಕೆ ಬಿಟ್ಟರೆ ತಾನೇ?"

"ಮನೇಲಿ ಯಾರ್ಯಾರಿದ್ದಾರೆ?"

ನೋಟ್‌ಬುಕ್ಕು ತೆರೆದೆವು. ಮೂರು ಪುಟ ಭರ್ತಿಯಾಗಿತ್ತು. ಬಿಸಿಲು. ಸೀರೆಯ ವಾಸನೆ. ನನ್ನ ಬೆನ್ನುನೋವು. ನನ್ನನ್ನು ಪಾಟಿ ಎಂದದ್ದು, ಸಮಯ ಸಹಿತ, ನಾಲ್ಕು ಸಲ. ಮಲರ್ ಬಗ್ಗೆ ಒಂದಕ್ಷರವಿರಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ.

"ಪರವಾಗಿಲ್ಲ," ಎಂದಳು ನಿತ್ಯಾ ಮೆಲ್ಲಗೆ. "ನಾಳೆ ನಾನೇ ಹೋಗಿ ಅವರನ್ನ ನೋಡ್ತೀನಿ. ಈಗ ನಿಮ್ಮದನ್ನೇ ಹಾಕ್ಕೋತೀನಿ. ನೀವೂ ದಿನಗೂಲಿ ತಾನೇ?" ಟಕಟಕ ಟೈಪು ಮಾಡಿ ಪರದೆಯನ್ನು ನನ್ನತ್ತ ತಿರುಗಿಸಿದಳು.

'ಮಹಿಳೆ, ಅರವತ್ತೊಂದು ವರ್ಷ. ಅನುಭವ: ಅರ್ಧ ದಿನ. ಸಹಕಾರ್ಮಿಕರ ಮಾತಿಗಿಂತ ತನ್ನ ಮಾತೇ ಹೆಚ್ಚು.'

ನಮ್ಮ ಯಜಮಾನರು ಕನ್ನಡಕ ಏರಿಸಿ ಓದಿದರು. "ಕೊನೇ ಸಾಲು ಬೇಕಿದ್ರೆ ನನ್ನನ್ನೇ ಕೇಳಬಹುದಿತ್ತಲ್ಲೇ," ಎಂದರು. "ವಡಪಳನಿ ತನಕ ಯಾಕೆ ಹೋದೆ?"