ನಿಮಿಷಕ್ಕೆ ನಲವತ್ತಾರು

ಇನ್ನು ಮೇಲೆ ನಾನು ಬರಿಯ ಗಡಿಯಾರ ರಿಪೇರಿಯವನಲ್ಲ, ಹುಟ್ಟು ಕ್ರೀಡಾಪಟು! ಐವತ್ತೈದನೆಯ ವಯಸ್ಸಿನಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಈ ಘೋಷಣೆ ಹೊರಡಿಸಿದೆ. ಚಹಾ ಸೋಸುತ್ತಿದ್ದ ಹೆಂಡತಿ ತಿರುಗಿ ಕೂಡ ನೋಡಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಭಾವಮೈದ. ದಿನಾ ಆರು ಕಿಲೋಮೀಟರ್ ಓಡುವ ಆಸಾಮಿ. ಹಿಂದಿನ ದಿನ ಮನೆಗೆ ಬಂದವನು, "ಬೆಳಿಗ್ಗೆ ಎದ್ದಾಗ ನನ್ನ ನಾಡಿ ನಿಮಿಷಕ್ಕೆ ಬರೀ ಐವತ್ತೆರಡು ಭಾವ! ವ್ಯಾಯಾಮ ಮಾಡಿ ಮಾಡಿ ಹೃದಯ ಗಟ್ಟಿಯಾದೋರಿಗೆ ಹಾಗೇ" ಎಂದು ಎದೆ ತಟ್ಟಿಕೊಂಡು ಹೋಗಿದ್ದ. ನನಗೆ ಹೊಟ್ಟೆ ಉರಿಯಿತು. ಮರುದಿನ ಎಚ್ಚರವಾದ ಕೂಡಲೇ, ಮಲಗಿದಲ್ಲೇ ಮಣಿಕಟ್ಟು ಹಿಡಿದು, ಎದುರು ಗೋಡೆಯ ದೊಡ್ಡ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಎಣಿಸಿದೆ. ನಲವತ್ತಾರು! ಮತ್ತೆ ಎಣಿಸಿದೆ. ನಲವತ್ತಾರೇ!

ನಮ್ಮ ಮನೆಯಲ್ಲಿ ಹನ್ನೊಂದು ಗಡಿಯಾರಗಳಿವೆ. ಎಲ್ಲವೂ ಗಿರಾಕಿಗಳವು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತವೆ. ಹೆಂಡತಿ ಹೊತ್ತು ನೋಡುವುದು ಮೊಬೈಲಿನಲ್ಲಿ. ಆ ದೊಡ್ಡದು ಮಾತ್ರ ನಾಲ್ಕು ತಿಂಗಳು ನನ್ನನ್ನು ಸತಾಯಿಸಿ ಹಿಂದಿನ ಸಂಜೆಯಷ್ಟೇ ಓಡಲು ಶುರುಮಾಡಿತ್ತು.

"ಅವನು ಓಡ್ತಾನೆ, ಅವನಿಗೆ ಕಡಿಮೆ ಇರಬಹುದು. ನೀವು ಸ್ಟೂಲ್ ಬಿಟ್ಟು ಏಳೋದೇ ಊಟಕ್ಕೆ! ನಿಮಗ್ಯಾಕೆ ಕಡಿಮೆ ಆಗ್ಬೇಕು?" ಎಂದಳು ಹೆಂಡತಿ, ನನ್ನ ಲೆಕ್ಕ ಕೇಳಿ. ಅವಳ ದನಿಯಲ್ಲಿ ಗಾಬರಿಯಿತ್ತು. "ಡಾಕ್ಟರಮ್ಮನಿಗೆ ತೋರಿಸೋಣ ನಡೀರಿ."

"ಅಲ್ಲಿಗೆ ಮಾತ್ರ ಬೇಡ!" ಎಂದೆ. ಅದಕ್ಕೆ ಬೇರೆಯೇ ಕಾರಣವಿತ್ತು.

ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ, ಭಾವಮೈದ ಓಡುವ ಉದ್ಯಾನದಲ್ಲಿ ಹಾಜರಾದೆ. "ಮೊದಲು ನಿಧಾನಕ್ಕೆ ನಡೀರಿ ಭಾವ, ಮೈ ಬಿಸಿಯಾಗ್ಲಿ. ಮಾತಾಡ್ತಾ ಹೋಗೋಷ್ಟು ವೇಗ ಇದ್ರೆ ಸಾಕು" ಎಂದ ಭಾವಮೈದ.

"ಐವತ್ತೆರಡರವರ ಬುದ್ಧಿವಾದ ನಲವತ್ತಾರರವರಿಗೆ ಬೇಕಿಲ್ಲ!" ಎಂದು ಓಟ ಕಿತ್ತೆ.

ಮೊದಲ ತಿರುವಿನಲ್ಲಿ ಒಬ್ಬ ಅಜ್ಜಿಯನ್ನು ಹಿಂದೆ ಹಾಕಿದೆ. ಎರಡನೆಯದರಲ್ಲಿ ಅಜ್ಜಿ ನನ್ನನ್ನು ಹಿಂದೆ ಹಾಕಿದರು. ಮೂರನೆಯದು ಬರುವಷ್ಟರಲ್ಲಿ ಮರಗಳೆಲ್ಲ ಗರಗರ ತಿರುಗತೊಡಗಿದವು, ನಾನು ಹುಲ್ಲಿನ ಮೇಲೆ ಕುಸಿದೆ. ಕಣ್ಣು ಬಿಟ್ಟಾಗ ಭಾವಮೈದನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಅವನ ಫೋನಿಗೆ ಓಡಿಬಂದ ಹೆಂಡತಿಯ ಎರಡು ಕಾಲಲ್ಲಿ ಎರಡು ಬಗೆಯ ಚಪ್ಪಲಿ!

"ನಲವತ್ತಾರು ನಲವತ್ತಾರು ಅಂತ ಕುಣಿದ್ರಲ್ಲ! ಅದೂ ನಿಂತುಹೋದ್ರೆ ನಾನೇನ್ರೀ ಮಾಡ್ಲಿ?" ಎಂದು ಅತ್ತುಬಿಟ್ಟಳು. ನಿಜ ಹೇಳುತ್ತೇನೆ, ಆಗ ನನಗೂ ಜೀವ ಬಾಯಿಗೆ ಬಂತು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ.

ಡಾಕ್ಟರಮ್ಮನ ಕೋಣೆಯ ಗೋಡೆಯಲ್ಲಿ, ಅವರ ಕುರ್ಚಿಯ ಮೇಲುಗಡೆ, ಏನನ್ನೋ ತೆಗೆದ ಉದ್ದನೆಯ ಬಿಳಿ ಗುರುತಿತ್ತು. ನಾನು ಆ ಕಡೆ ನೋಡಲೇ ಇಲ್ಲ. ಇಸಿಜಿ ತೆಗೆಸಿ, ಅರ್ಧ ಗಂಟೆ ಮಲಗಿಸಿ, ಕೈಗಡಿಯಾರ ನೋಡುತ್ತ ನಾಡಿ ಎಣಿಸಿದರು.

"ಎಪ್ಪತ್ತಾರು. ಇಸಿಜಿಯೂ ಸರಿಯಾಗಿದೆ."

"ಎಪ್ಪತ್ತಾರಾ?" ನಾನು ಧಡಕ್ಕನೆ ಎದ್ದು ಕೂತೆ. "ಸಾಧ್ಯವೇ ಇಲ್ಲ! ನಿಮ್ಮ ವಾಚು ನಿಧಾನ ಇದೆ ಡಾಕ್ಟ್ರೇ. ಬಿಚ್ಚಿ ಕೊಡಿ, ನೋಡ್ತೀನಿ."

ಅವರು ಮಣಿಕಟ್ಟನ್ನು ಎದೆಗವಚಿಕೊಂಡರು. "ಇದನ್ನೂ ಕೊಡಲ್ಲ! ಮನೇಲಿ ಯಾವ ಗಡಿಯಾರ ನೋಡಿ ಎಣಿಸಿದ್ರಿ?"

ನಾನು ಕೆಮ್ಮಿದೆ. ಹೆಂಡತಿ ಪಾಪ, ಮುಗ್ಧವಾಗಿ ಹೇಳಿಬಿಟ್ಟಳು: "ನಿಮ್ಮದೇ ಡಾಕ್ಟ್ರೇ, ಆ ದೊಡ್ಡದು! ಗುರುವಾರ ತಾನೇ ರಿಪೇರಿ ಮುಗೀತು, ಈಗ ಚಿನ್ನದಂಥಾ ಗಡಿಯಾರ ಅಂದ್ರು ಇವರು."

ಆ ಗಡಿಯಾರದ ಉದ್ದನೆಯ ಲೋಲಕವನ್ನು ನಾನು ಎಲ್ಲೋ ಕಳೆದುಹಾಕಿದ್ದೆ. ಬದಲಿಗೆ ಒಂದು ಪುಟ್ಟ ಗಡಿಯಾರದ ಗಿಡ್ಡ ಲೋಲಕ ತೂಗುಹಾಕಿದ್ದೆ. ಗಿಡ್ಡದು ಬೇಗ ಬೇಗ ತೂಗುತ್ತದೆ, ಮುಳ್ಳು ಓಡುತ್ತದೆ! ಕಸುಬು ಹಿಡಿದು ಮೂವತ್ತು ವರ್ಷವಾದವನಿಗೆ ಅದು ಹೊಳೆದದ್ದು ಆಸ್ಪತ್ರೆಯ ಮಂಚದ ಮೇಲೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಅದರ ಒಂದು ನಿಮಿಷ ಅಂದರೆ ನಿಜಕ್ಕೂ ಮೂವತ್ತಾರೇ ಸೆಕೆಂಡು. ಬಾಯಿಬಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ.

ಭಾವಮೈದ ಕಿಟಕಿಯ ಕಡೆ ತಿರುಗಿ ನಿಂತ. ಅವನ ಭುಜಗಳು ಅಲುಗುತ್ತಿದ್ದವು.

"ಕೂತೇ ಇರೋರಿಗೆ ನಿಜವಾಗ್ಲೂ ನಲವತ್ತಾರು ಇದ್ದು, ತಲೆ ಸುತ್ತಿದ್ರೆ ಸೀದಾ ಇಲ್ಲಿಗೆ ಬರ್ಬೇಕು, ಓಡೋಕೆ ಹೋಗೋದಲ್ಲ" ಎಂದು ಡಾಕ್ಟರಮ್ಮ ಗದರಿದರು. "ಇವತ್ತು ತಲೆ ಸುತ್ತಿದ್ದು ಖಾಲಿ ಹೊಟ್ಟೇಲಿ ಏಕಾಏಕಿ ಓಡಿದ್ದಕ್ಕೆ. ಮತ್ತೆ ಸುತ್ತಿದ್ರೆ ಬನ್ನಿ. ಸೋಮವಾರದಿಂದ ದಿನಾ ಅರ್ಧ ಗಂಟೆ ನಿಧಾನಕ್ಕೆ ನಡೀರಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಮಾಡಿ."

ಹೆಂಡತಿ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ಅರ್ಧ ಗಂಟೆ ಅಂದ್ರೆ ನಿಮ್ಮ ಕೈಗಡಿಯಾರದ್ದು ಅಂತ ಚೀಟೀಲಿ ಬರೆದುಬಿಡಿ ಡಾಕ್ಟ್ರೇ. ಇವರು ರಿಪೇರಿ ಮಾಡಿದ್ದರ ಲೆಕ್ಕದಲ್ಲಾದ್ರೆ ಹದಿನೆಂಟೇ ನಿಮಿಷಕ್ಕೆ ಮನೆಗೆ ವಾಪಸ್ ಬಂದು ಸ್ಟೂಲ್ ಮೇಲೆ ಕೂತ್ಬಿಡ್ತಾರೆ!"

ಡಾಕ್ಟರಮ್ಮ ನಗಲಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆದು, ಕೆಳಗೆ ಗೀಟು ಎಳೆದು ಕೊಟ್ಟರು.